ಅಡಿಕೆ ತೇವದ ಮೀಟರ್: ಕಂಪನಿಗೆ ಕೊಡಲೇ, ನಾನೇ ಕಂಪನಿ ಕಟ್ಟಲೇ?

ಪ್ರಶ್ನೆ: ನಾನು ಮಧ್ಯ ಕರ್ನಾಟಕದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಸಹ ಪ್ರಾಧ್ಯಾಪಕಿ. ಒಣಗಿದ ಅಡಿಕೆಯಲ್ಲಿ ಎಷ್ಟು ತೇವ ಉಳಿದಿದೆ ಎಂದು ಒಂದು ನಿಮಿಷದೊಳಗೆ ತೋರಿಸುವ ಕೈ ಮೀಟರ್ ಒಂದನ್ನು ನಾನು ಮತ್ತು ನನ್ನ ಎಂ.ಟೆಕ್ ವಿದ್ಯಾರ್ಥಿ ಸೇರಿ ಮಾಡಿದ್ದೇವೆ. ಕೆಪಾಸಿಟೆನ್ಸ್, ಅಂದರೆ ಎರಡು ಪ್ಲೇಟುಗಳ ನಡುವೆ ವಿದ್ಯುತ್ ಚಾರ್ಜ್ ಹಿಡಿದಿಡುವ ಸಾಮರ್ಥ್ಯದ ಆಧಾರದ ಮೇಲೆ ಕೆಲಸ ಮಾಡುತ್ತದೆ. ಕಳೆದ ವರ್ಷ ಒಂದು ಪ್ರಾಜೆಕ್ಟ್ ಪ್ರದರ್ಶನದಲ್ಲಿ ಇಟ್ಟಿದ್ದೆವು, ಬಹುಮಾನವೂ ಬಂತು. ಅದನ್ನು ನೋಡಿದ ಬೆಂಗಳೂರಿನ ಉಪಕರಣ ಕಂಪನಿಯೊಂದು ಕಾಲೇಜಿನ ಜೊತೆ ಎಂಒಯು (ಪರಸ್ಪರ ಒಡಂಬಡಿಕೆ) ಮಾಡಿಕೊಳ್ಳಲು ಮುಂದೆ ಬಂದಿದೆ. ಪೇಟೆಂಟ್ ಅರ್ಜಿ ಇನ್ನೂ ಹಾಕಿಲ್ಲ. ಅವರು ಕಳಿಸಿದ ಕರಡಿನಲ್ಲಿ ಪೇಟೆಂಟ್ ಎರಡೂ ಕಡೆಯವರ ಜಂಟಿ ಒಡೆತನದಲ್ಲಿರುತ್ತದೆ ಎಂದಿದೆ. ಪ್ರಿನ್ಸಿಪಾಲರಿಗೆ ಬೇಗ ಸಹಿ ಆಗಬೇಕು. ಸಹೋದ್ಯೋಗಿಗಳು ನೀವೇ ಸ್ಟಾರ್ಟಪ್ ಮಾಡಿ ಅನ್ನುತ್ತಾರೆ. ಡಿಸೆಂಬರ್‌ನಲ್ಲಿ ಒಂದು ಸಮ್ಮೇಳನದಲ್ಲಿ ಪ್ರಬಂಧ ಮಂಡನೆಯೂ ಇದೆ. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಆ ಕರಡಿಗೆ ಸಹಿ ಬೀಳದಂತೆ ನೋಡಿಕೊಳ್ಳಿ. ಕಂಪನಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಇಂಥ ಕರಡುಗಳನ್ನು ಯಾರೋ ಎಲ್ಲಿಂದಲೋ ನಕಲು ಮಾಡಿ ಕಳಿಸಿರುತ್ತಾರೆ. ಜಂಟಿ ಒಡೆತನ ಅನ್ನುವ ಮಾತು ಕೇಳುವುದಕ್ಕೆ ನ್ಯಾಯವಾಗಿಯೇ ಇರುವುದರಿಂದ ಯಾರೂ ತಕರಾರು ತೆಗೆಯುವುದಿಲ್ಲ. ಅರ್ಧ ನಮ್ಮದು, ಅರ್ಧ ನಿಮ್ಮದು, ಸರಿ ಅಲ್ವಾ?

ನಮ್ಮ ಪೇಟೆಂಟ್ ಕಾಯ್ದೆಯ 50ನೇ ಸೆಕ್ಷನ್ ಒಮ್ಮೆ ಓದಿ ನೋಡಿ. ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ, ಜಂಟಿ ಒಡೆಯರಲ್ಲಿ ಪ್ರತಿಯೊಬ್ಬರೂ ಆ ಆವಿಷ್ಕಾರವನ್ನು ತಮ್ಮ ಲಾಭಕ್ಕೆ ಬಳಸಬಹುದು. ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸಬೇಕಿಲ್ಲ. ಆದರೆ ಮೂರನೆಯವರಿಗೆ ಲೈಸೆನ್ಸ್ ಕೊಡಬೇಕಾದರೆ ಮಾತ್ರ ಇನ್ನೊಬ್ಬ ಒಡೆಯರ ಒಪ್ಪಿಗೆ ಬೇಕು.

ಈಗ ಲೆಕ್ಕ ಹಾಕಿ. ಕಾರ್ಖಾನೆ ಇರುವುದು ಅವರ ಹತ್ತಿರ. ಸಾವಿರ ಮೀಟರ್ ಮಾಡಿ ಮಾರಿದರೂ ಕಾಲೇಜಿಗೆ ಒಂದು ಪೈಸೆ ಕೊಡಬೇಕಿಲ್ಲ. ನಿಮ್ಮ ಹತ್ತಿರ ಇರುವುದು ಒಂದು ಲ್ಯಾಬು, ಒಂದೆರಡು ಸೋಲ್ಡರಿಂಗ್ ಐರನ್. ನೀವು ಮಾಡಬಹುದಾದದ್ದು ಬೇರೆ ಕಂಪನಿಗೆ ಲೈಸೆನ್ಸ್ ಕೊಡುವುದೊಂದೇ. ಅದಕ್ಕೂ ಇವರನ್ನೇ ಕೇಳಬೇಕು. ತಮ್ಮ ಸ್ಪರ್ಧಿಗೆ ಕೊಡಿ ಅಂತ ಯಾರು ಒಪ್ಪುತ್ತಾರೆ? ಕಾಗದದ ಮೇಲೆ ಅರ್ಧ ಇದ್ದದ್ದು ಹೀಗೆ ಪೂರ್ತಿ ಅವರದೇ ಆಗಿಬಿಡುತ್ತದೆ.

ಆದ್ದರಿಂದ ಆ ಸಾಲು ಹೀಗೆ ಬದಲಾಗಬೇಕು: ಇದುವರೆಗೆ ಮಾಡಿದ್ದರ ಪೇಟೆಂಟ್ ಕಾಲೇಜಿನದು, ಕಂಪನಿಗೆ ಅದನ್ನು ಬಳಸುವ ಲೈಸೆನ್ಸ್. ಮುಂದೆ ಕಂಪನಿಯ ಎಂಜಿನಿಯರುಗಳು ತಾವೇ ಏನಾದರೂ ಹೊಸದು ಮಾಡಿದರೆ ಅದು ಅವರದು. ಇಬ್ಬರೂ ಸೇರಿ ಮಾಡಿದ್ದಕ್ಕೆ ಮಾತ್ರ ಜಂಟಿ ಒಡೆತನ, ಅಲ್ಲಿಯೂ ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಬರೆದಿಡಿ.

ಪ್ರಿನ್ಸಿಪಾಲರ ಅವಸರ ನನಗೆ ಅರ್ಥವಾಗುತ್ತದೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗ ಎಷ್ಟು ಎಂಒಯು ಆಗಿದೆ ಅಂತ ಫೈಲ್ ತೋರಿಸಬೇಕು. ಶಾಲು, ಹಾರ, ಫೋಟೊ, ಮರುದಿನದ ಪೇಪರಿನಲ್ಲಿ ಎರಡು ಕಾಲಂ ಸುದ್ದಿ. ಅವರಿಗೆ ಬೇಕಿದ್ದರೆ ನಾವು ಜೊತೆಯಾಗಿ ಕೆಲಸ ಮಾಡುತ್ತೇವೆ, ಒಡೆತನ ಮತ್ತು ಹಣದ ವಿಷಯ ಬೇರೆ ಒಪ್ಪಂದದಲ್ಲಿ ಅಂತ ಒಂದು ಪುಟದ ಎಂಒಯು ಮಾಡಿಕೊಡಿ. ಫೋಟೊ ಅದರ ಮೇಲೂ ಚೆನ್ನಾಗಿಯೇ ಬರುತ್ತದೆ.

ಕಂಪನಿಯ ಜೊತೆ ಮಾತಾಡುವ ಮೊದಲು ಮನೆಯೊಳಗಿನ ಒಂದು ಪ್ರಶ್ನೆ ಬಗೆಹರಿಯಬೇಕು. ಈ ಮೀಟರ್ ಯಾರದು?

ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಕಥೆ ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿನ ಫುಟ್‌ಬಾಲ್ ತಂಡದ ಹುಡುಗರು ಬಿಸಿಲಿನಲ್ಲಿ ಆಡಿ ಸುಸ್ತಾಗುತ್ತಿದ್ದರು, ಮೂತ್ರವೂ ಬರುತ್ತಿರಲಿಲ್ಲ. ಯಾಕೆ ಅಂತ ಕೋಚ್ ಒಬ್ಬರು ಅಲ್ಲಿನ ವೈದ್ಯಕೀಯ ಕಾಲೇಜಿನ ಕಿಡ್ನಿ ತಜ್ಞ ರಾಬರ್ಟ್ ಕೇಡ್ ಅವರ ತಂಡವನ್ನು ಕೇಳಿದರು. 1965ರಲ್ಲಿ ಅವರು ನೀರಿಗೆ ಉಪ್ಪು, ಸಕ್ಕರೆ, ನಿಂಬೆ ರಸ ಹಾಕಿ ಒಂದು ಪಾನಕ ಮಾಡಿಕೊಟ್ಟರು. ನಮ್ಮ ಅಜ್ಜಿಯರಿಗೆ ಇದು ಹೊಸ ಸಂಗತಿ ಏನೂ ಅಲ್ಲ. ತಂಡದ ಹೆಸರು ಗೇಟರ್ಸ್, ಪಾನಕದ ಹೆಸರು ಗೇಟೊರೇಡ್. ಸ್ಟೋಕ್ಲಿ ವ್ಯಾನ್ ಕ್ಯಾಂಪ್ ಅನ್ನುವ ಕಂಪನಿ ಅದನ್ನು ತಯಾರಿಸಿ ಮಾರಲು ಶುರು ಮಾಡಿತು. ಹಣ ಹರಿಯತೊಡಗಿದ ಮೇಲೆ ವಿಶ್ವವಿದ್ಯಾಲಯ ಎದ್ದು ಕೂತು ಇದು ನಮ್ಮದು ಅಂದಿತು. ಕೇಡ್ ಅವರ ಸಂಶೋಧನೆಗೆ ಸರ್ಕಾರದ ಅನುದಾನ ಇದ್ದದ್ದರಿಂದ ಕೇಂದ್ರ ಸರ್ಕಾರವೂ ತನ್ನ ಪಾಲು ಕೇಳಿತು. ವರ್ಷಗಟ್ಟಲೆ ಜಗಳ ನಡೆದು, ಕೊನೆಗೆ ಮಾರಾಟದಿಂದ ಬರುವ ರಾಯಲ್ಟಿಯಲ್ಲಿ ಶೇಕಡಾ 20 ವಿಶ್ವವಿದ್ಯಾಲಯಕ್ಕೆ ಅಂತ ರಾಜಿಯಾಯಿತು. ಮಾರಾಟ ಜೋರಾಗಿದ್ದರಿಂದ ಅವರು ಬಚಾವಾದರು, ಎಲ್ಲರಿಗೂ ಹಂಚಿ ತಿನ್ನುವಷ್ಟು ಇತ್ತು. ನಮ್ಮಂಥ ಸಣ್ಣ ವ್ಯವಹಾರದಲ್ಲಿ ಈ ಜಗಳ ಶುರುವಾದರೆ ಕಂಪನಿ ಎದ್ದು ಹೋಗುತ್ತದೆ, ಅಷ್ಟೇ.

ಆಮೇಲೆ 1980ರಲ್ಲಿ ಅಮೆರಿಕ ಬೇ-ಡೋಲ್ ಅನ್ನುವ ಕಾಯ್ದೆ ತಂದು, ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ದಾರಿ ಮಾಡಿತು. ನಮ್ಮಲ್ಲೂ 2008ರಲ್ಲಿ ಅದೇ ಮಾದರಿಯ ಮಸೂದೆ ರಾಜ್ಯಸಭೆಗೆ ಬಂತು. ಪಾಸಾಗಲಿಲ್ಲ, 2014ರಲ್ಲಿ ವಾಪಸ್ ಪಡೆದರು. ಹಾಗಾಗಿ ನಮ್ಮಲ್ಲಿ ಒಡೆತನ ತೀರ್ಮಾನವಾಗುವುದು ಮೂರು ಕಾಗದಗಳಿಂದ: ಅನುದಾನ ಕೊಟ್ಟವರ ಷರತ್ತು, ಕಾಲೇಜಿನ ಐಪಿ (ಬೌದ್ಧಿಕ ಆಸ್ತಿ) ನೀತಿ, ನೀವು ಸಹಿ ಹಾಕಿದ ನೇಮಕಾತಿ ಪತ್ರ. ಮೂರನ್ನೂ ಹುಡುಕಿ ತೆಗೆಯಿರಿ. ಬಿಡಿಭಾಗಗಳಿಗೆ ಯಾವ ಯೋಜನೆಯಿಂದಾದರೂ ಹಣ ಬಂದಿದ್ದರೆ ಆ ಮಂಜೂರಾತಿ ಪತ್ರದ ಹಿಂದಿನ ಪುಟವನ್ನೂ ಓದಿ. ಷರತ್ತುಗಳು ಇರುವುದು ಅಲ್ಲೇ.

ಇವೆಲ್ಲಕ್ಕಿಂತ ದೊಡ್ಡ ತೂತು ನಿಮ್ಮ ವಿದ್ಯಾರ್ಥಿ. ಅವರು ಕಾಲೇಜಿನ ನೌಕರರಲ್ಲ. ಫೀಸು ಕೊಟ್ಟು ಓದಲು ಬಂದವರು. ನೌಕರ ಕಂಡುಹಿಡಿದದ್ದು ಮಾಲೀಕನದು ಅಂತಲೇ ನಮ್ಮ ಪೇಟೆಂಟ್ ಕಾಯ್ದೆ ಎಲ್ಲೂ ಹೇಳುವುದಿಲ್ಲ, ಅದು ಒಪ್ಪಂದದಿಂದ ಬರಬೇಕು. ಇನ್ನು ವಿದ್ಯಾರ್ಥಿಯ ಮಾತೇನು? ಅವರ ಪಾಲನ್ನು ಕಾಲೇಜಿಗೆ ಬರೆದುಕೊಡದಿದ್ದರೆ ಅದು ಅವರದೇ. ಎಂ.ಟೆಕ್ ಮುಗಿಸಿ ಎಲ್ಲೋ ಕೆಲಸಕ್ಕೆ ಸೇರಿದ ಮೇಲೆ ಒಂದು ಸಹಿಗಾಗಿ ಬೆನ್ನು ಹತ್ತುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಇವತ್ತೇ ಫೋನ್ ಮಾಡಿ. ಸುಮ್ನೆ ಸಹಿ ಹಾಕು ಅನ್ನಬೇಡಿ. ಬಂದ ಹಣದಲ್ಲಿ ಅವರಿಗೆ ಎಷ್ಟು ಪಾಲು ಅಂತ ಬರೆದು ಕೊಟ್ಟು ಸಹಿ ಪಡೆಯಿರಿ. ಅದು ಧರ್ಮವೂ ಹೌದು, ಮುಂದೆ ಅವರು ನಿಮಗೆ ಎಷ್ಟು ಬೇಕಾಗುತ್ತಾರೆ ಅಂತ ಕೆಳಗೆ ಹೇಳುತ್ತೇನೆ.

ಇನ್ನು ಪೇಟೆಂಟ್. ಕೆಟ್ಟ ಸುದ್ದಿ ಇರಬಹುದು, ತಯಾರಾಗಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಕೊಹೆನ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬಾಯರ್ ಸೇರಿ ಡಿಎನ್‌ಎ ಕತ್ತರಿಸಿ ಜೋಡಿಸುವ ವಿಧಾನವನ್ನು 1973ರ ನವೆಂಬರ್‌ನಲ್ಲಿ ಪ್ರಕಟಿಸಿದರು. ಪೇಟೆಂಟ್ ಬಗ್ಗೆ ಅವರು ತಲೆ ಕೆಡಿಸಿಕೊಂಡಿರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಲೈಸೆನ್ಸಿಂಗ್ ಕಚೇರಿ ಕಟ್ಟಿದ ನೀಲ್ಸ್ ರೀಮರ್ಸ್‌ಗೆ ಈ ವಿಷಯ ಗೊತ್ತಾದದ್ದು ಮರುವರ್ಷ, ಪತ್ರಿಕೆಯ ಸುದ್ದಿಯಿಂದ. ಅಮೆರಿಕದಲ್ಲಿ ಪ್ರಕಟಣೆಯಾದ ಮೇಲೂ ಒಂದು ವರ್ಷ ಸಮಯ ಇರುತ್ತದೆ. ಆ ವರ್ಷ ಮುಗಿಯಲು ಕೆಲವೇ ದಿನ ಇರುವಾಗ, 1974ರ ನವೆಂಬರ್ 4ಕ್ಕೆ ಅರ್ಜಿ ಬಿತ್ತು. ಬೇರೆ ಹೆಚ್ಚಿನ ದೇಶಗಳಲ್ಲಿ ಆ ಸೌಲಭ್ಯ ಇಲ್ಲದ್ದರಿಂದ ಅಲ್ಲಿನ ಹಕ್ಕು ಅಷ್ಟು ಹೊತ್ತಿಗೆ ಕೈ ತಪ್ಪಿ ಹೋಗಿತ್ತು. ಅಮೆರಿಕದ ಪೇಟೆಂಟೊಂದರಿಂದಲೇ 1997ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ಸುಮಾರು 25.5 ಕೋಟಿ ಡಾಲರ್ ಬಂತು.

ಭಾರತದಲ್ಲಿ ಆ ಒಂದು ವರ್ಷದ ರಿಯಾಯಿತಿ ಇಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧ, ಇಂಥ ಒಂದೆರಡು ಸಂದರ್ಭಗಳಿಗೆ 31ನೇ ಸೆಕ್ಷನ್‌ನಲ್ಲಿ 12 ತಿಂಗಳ ಸಣ್ಣ ವಿನಾಯಿತಿ ಇದೆ. ಕಾಲೇಜು ಪ್ರಾಜೆಕ್ಟ್ ಪ್ರದರ್ಶನ ಅದರಲ್ಲಿ ಬರುತ್ತದೆ ಅಂತ ನಂಬಿ ಕೂರಬೇಡಿ.

ಹಾಗಾದರೆ ಕಥೆ ಮುಗಿಯಿತಾ? ಇಲ್ಲ. ಪ್ರದರ್ಶನದಲ್ಲಿ ಏನು ಬಯಲಾಯಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಡಬ್ಬಿ ಇಟ್ಟು ಅಂಕಿ ತೋರಿಸಿ ಕಳಿಸಿದ್ದೀರಾ, ಅಥವಾ ಪೋಸ್ಟರಿನಲ್ಲಿ ಸರ್ಕ್ಯೂಟ್, ಪ್ಲೇಟುಗಳ ಅಳತೆ, ಲೆಕ್ಕದ ಸೂತ್ರ ಎಲ್ಲವನ್ನೂ ಹಾಕಿದ್ದಿರಾ? ಬಹುಮಾನ ತೆಗೆದುಕೊಂಡ ಫೋಟೊ ಇರುತ್ತದಲ್ಲ, ಅದರ ಹಿಂದೆ ಪೋಸ್ಟರ್ ಕಾಣುತ್ತಿದ್ದರೆ ದೊಡ್ಡದು ಮಾಡಿ ಓದಿ. ವಿದ್ಯಾರ್ಥಿಯ ಪ್ರಬಂಧ ಲೈಬ್ರರಿಗೆ ಹೋಗಿದೆಯೇ, ವೆಬ್‌ಸೈಟಿಗೆ ಏರಿದೆಯೇ ಅದನ್ನೂ ನೋಡಿ. ಬಯಲಾದದ್ದನ್ನು ವಾಪಸ್ ತರಲಾಗದು. ಆದರೆ ಆ ಮೇಲೆ ಮಾಡಿದ ಸುಧಾರಣೆಗಳಿಗೆ ಅರ್ಜಿ ಹಾಕಬಹುದು. ಬಿಸಿಲಲ್ಲಿ ಕಾದ ಅಡಿಕೆಗೂ ಬೆಳಗಿನ ತಂಪಿನ ಅಡಿಕೆಗೂ ರೀಡಿಂಗ್ ಬೇರೆ ಬರದಂತೆ ನೀವು ಏನೋ ಮಾಡಿರುತ್ತೀರಿ. ಅಂಥದ್ದರಲ್ಲೇ ನಿಜವಾದ ಆವಿಷ್ಕಾರ ಇರುತ್ತದೆ.

ಅರ್ಜಿ ಡಿಸೆಂಬರ್ ಸಮ್ಮೇಳನಕ್ಕಿಂತ ಮೊದಲು ಬೀಳಬೇಕು. ಸಾರಾಂಶ ಮೊದಲೇ ಅಚ್ಚಾಗುವುದಿದ್ದರೆ ಅದಕ್ಕಿಂತಲೂ ಮೊದಲು. ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ, ಪೂರ್ಣ ಅರ್ಜಿಗೆ 12 ತಿಂಗಳು ಸಿಗುತ್ತದೆ. ಶಿಕ್ಷಣ ಸಂಸ್ಥೆಗಳಿಗೆ 2021ರಲ್ಲಿ ಶುಲ್ಕ ಇಳಿಸಿದ್ದಾರೆ, ಆನ್‌ಲೈನಿನಲ್ಲಿ ಹಾಕಿದರೆ ಅರ್ಜಿಗೆ 1,600 ರೂಪಾಯಿ. ಏಜೆಂಟರ ಫೀಸು ಬೇರೆ, ಅದು ಜಾಸ್ತಿಯೇ ಆಗುತ್ತದೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ, ಹಣ ಖರ್ಚು ಮಾಡುವ ಮೊದಲು ಅಲ್ಲಿ ಮಾತಾಡಿ. ಒಂದು ಎಚ್ಚರ: ಪ್ರೊವಿಷನಲ್ ಅರ್ಜಿಯಲ್ಲಿ ಬರೆದದ್ದಕ್ಕೆ ಮಾತ್ರ ಆ ದಿನಾಂಕ ಸಿಗುತ್ತದೆ. ಎರಡು ಪುಟ ಗೀಚಿ ಹಾಕಿದರೆ ಎರಡು ಪುಟದಷ್ಟೇ ರಕ್ಷಣೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಚಿತ್ರ ಮಾತು ಹೇಳುತ್ತೇನೆ. ನಿಮ್ಮ ಮೀಟರ್ ಓಡುವುದೂ ಮಲಗುವುದೂ ಪೇಟೆಂಟಿನಿಂದ ಅಲ್ಲ. ಅದಕ್ಕೆ ದುಡ್ಡು ಕೊಡುವವರು ಯಾರು ಅನ್ನುವುದರಿಂದ.

ಕೆಲವು ವರ್ಷಗಳ ಹಿಂದೆ ಬೇರೊಂದು ಕೆಲಸಕ್ಕೆ ಅಡಿಕೆ ಮಂಡಿಯೊಂದಕ್ಕೆ ಹೋಗಿದ್ದೆ. ಖರೀದಿದಾರರೊಬ್ಬರು ಚೀಲಕ್ಕೆ ಕೈ ಹಾಕಿ ರಾಶಿ ಇಡಿ ಅನ್ನುವ ಬಗೆಯ ಅಡಿಕೆ ಒಂದು ಹಿಡಿ ತೆಗೆದರು. ಬೊಗಸೆಯಲ್ಲಿ ಕುಲುಕಿ ಸದ್ದು ಕೇಳಿದರು. ಒಂದನ್ನು ಅಡಕತ್ತರಿಯಲ್ಲಿ ಎರಡು ಮಾಡಿ ಒಳಗಿನ ಬಣ್ಣ ನೋಡಿ, ಚೂರೊಂದನ್ನು ಬಾಯಿಗೆ ಹಾಕಿಕೊಂಡರು. ಇನ್ನೂ ಹಸಿ ಇದೆ ಅಂದರು. ರೈತರ ಮುಖ ಬಾಡಿತು. ನಾನು ಸುಮ್ಮನಿರಲಾರದೆ, ಇದಕ್ಕೊಂದು ಮೀಟರ್ ಇದ್ದರೆ ಒಳ್ಳೆಯದಲ್ವಾ ಅಂದೆ. ಅವರು ನಕ್ಕು, "ಸಾರ್, ಮಿಷನ್ನು ಒಣಗಿದೆ ಅಂದ್ರೆ ನಾನು ಒಣಗಿದ ರೇಟು ಕೊಡಬೇಕು. ಈಗ ನನ್ನ ಕೈ ಹೇಳಿದ್ದೇ ಲೆಕ್ಕ" ಅಂದರು.

ನೋಡಿ, ಮೀಟರಿನ ಮುಖ್ಯ ಬಳಕೆದಾರ ಅಂತ ನಾವು ಯಾರನ್ನು ಅಂದುಕೊಳ್ಳುತ್ತೇವೋ ಅವರಿಗೇ ಅದು ಬೇಡ. ಹಾಗಾದರೆ ಯಾರಿಗೆ ಬೇಕು? ಒಂದು, ಬೆಳೆಗಾರರ ಸಹಕಾರ ಸಂಘಗಳಿಗೆ ಬೇಕಾಗಬಹುದು, ಅವರು ಸದಸ್ಯರಿಗೆ ಉತ್ತರ ಕೊಡಬೇಕಾದವರು. ಎರಡು, ತಿಂಗಳುಗಟ್ಟಲೆ ಗೋದಾಮಿನಲ್ಲಿ ದಾಸ್ತಾನು ಇಟ್ಟು ಬೂಸ್ಟು ಹಿಡಿಯುವ ಭಯ ಇರುವವರಿಗೆ. ಮೂರು, ಡ್ರೈಯರ್ ಮಾಡುವ ಕಂಪನಿಗಳಿಗೆ, ಅದರೊಳಗೇ ಕೂರಿಸಿ ಮಾರಬಹುದು. ಒಬ್ಬೊಬ್ಬರಿಗೂ ಬೇಕಾಗುವ ಮೀಟರ್ ಬೇರೆ, ಬೆಲೆ ಬೇರೆ. ನಿಮ್ಮ ಬೆಂಗಳೂರು ಕಂಪನಿ ಇವರಲ್ಲಿ ಯಾರಿಗೆ ಮಾರಲು ಹೊರಟಿದೆ? ಈ ಪ್ರಶ್ನೆ ಕೇಳಿ. ಅವರು ಆಗಲೇ ಭತ್ತ, ಜೋಳಕ್ಕೆ ತೇವದ ಮೀಟರ್ ಮಾರುತ್ತಿದ್ದರೆ, ಯಾವ ಊರಿನಲ್ಲಿ ಯಾವ ಡೀಲರ್ ಇದ್ದಾರೆ ಅಂತ ಥಟ್ಟನೆ ಹೇಳುತ್ತಾರೆ. ಮಾರ್ಕೆಟ್ ತುಂಬಾ ದೊಡ್ಡದಿದೆ ಮೇಡಂ ಅಂದರೆ ಅವರಿಗೂ ಗೊತ್ತಿಲ್ಲ ಅಂತ ತಿಳಿಯಿರಿ.

ಈಗ ನಿಮ್ಮ ಎರಡನೇ ಪ್ರಶ್ನೆ, ಸ್ವಂತ ಕಂಪನಿ. ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಅಪರೂಪದ ಜೋಡಿ ಉದಾಹರಣೆ ಇದೆ. ಐಐಎಸ್‌ಸಿಯ ಕಂಪ್ಯೂಟರ್ ವಿಜ್ಞಾನದ ನಾಲ್ವರು ಪ್ರಾಧ್ಯಾಪಕರು: ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಇವರು ಎರಡು ಕೆಲಸಕ್ಕೆ ಕೈ ಹಾಕಿದರು.

ಒಂದು ಸಿಂಪ್ಯೂಟರ್. ಓದು ಬಾರದವರೂ ಬಳಸಬಹುದಾದ, ನಮ್ಮ ಭಾಷೆಗಳಲ್ಲಿ ಮಾತಾಡುವ, ಅಂಗೈ ಗಾತ್ರದ ಅಗ್ಗದ ಕಂಪ್ಯೂಟರ್. ಎನ್‌ಕೋರ್ ಅನ್ನುವ ಬೆಂಗಳೂರಿನ ಕಂಪನಿಯವರೂ ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರಲ್ಲಿ ಮಾದರಿ ಹೊರಬಂದಾಗ ಜಗತ್ತೇ ತಿರುಗಿ ನೋಡಿತು. ಟ್ರಸ್ಟಿನ ಲೈಸೆನ್ಸ್ ಪಡೆದು ತಯಾರಿಸಲು ಎನ್‌ಕೋರ್ ಒಂದು ಕಡೆ, ಪ್ರಾಧ್ಯಾಪಕರೇ ಕಟ್ಟಿದ ಪಿಕೊಪೀಟಾ ಇನ್ನೊಂದು ಕಡೆ. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು, ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು. ಕೈಯಲ್ಲಿ ಹಿಡಿದು ಓಲಾಡಿಸಿದರೆ ಅದು ಗುರುತಿಸುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷ ಇತ್ತು, ನೆನಪಿರಲಿ. ಮಾರಾಟವಾದದ್ದು ಮಾತ್ರ ಕೆಲವೇ ಸಾವಿರ.

ಇನ್ನೊಂದು ಸ್ಟ್ರ್ಯಾಂಡ್ ಜೀನೋಮಿಕ್ಸ್, 2000ದಲ್ಲಿ ಶುರುವಾದದ್ದು. ಜೀನ್‌ಗಳ ಬಗ್ಗೆ ರಾಶಿ ರಾಶಿ ಮಾಹಿತಿ ಹೊರಬರುತ್ತಿದ್ದ ಕಾಲ ಅದು. ಅದನ್ನು ವಿಶ್ಲೇಷಿಸುವ ಸಾಫ್ಟ್‌ವೇರ್ ಮಾಡಿದರು. ಮನೆ ಮನೆಗೆ ಮಾರುವ ವಸ್ತು ಅಲ್ಲ ಅದು. ಲ್ಯಾಬ್ ಉಪಕರಣ ಮಾರುವ ಅಜಿಲೆಂಟ್ ಕಂಪನಿಯ ಜೀನ್‌ಸ್ಪ್ರಿಂಗ್ ಸಾಫ್ಟ್‌ವೇರ್ ಸ್ಟ್ರ್ಯಾಂಡ್ ತಂತ್ರಜ್ಞಾನದ ಮೇಲೆ ಹೊಸದಾಗಿ ರೂಪುಗೊಂಡಿತು. ಅಜಿಲೆಂಟ್‌ಗೆ ಲ್ಯಾಬುಗಳ ಬಾಗಿಲು ಗೊತ್ತಿತ್ತು, ಸ್ಟ್ರ್ಯಾಂಡ್‌ಗೆ ಲೆಕ್ಕ ಗೊತ್ತಿತ್ತು. ಆಮೇಲೆ ಸ್ಟ್ರ್ಯಾಂಡ್ ಕ್ಯಾನ್ಸರ್ ಮುಂತಾದ ಜೀನ್ ಪರೀಕ್ಷೆಗಳಿಗೂ ಇಳಿಯಿತು. 2021ರಲ್ಲಿ ರಿಲಯನ್ಸ್ ಗುಂಪಿನ ಕಂಪನಿಯೊಂದು 393 ಕೋಟಿ ರೂಪಾಯಿಗೆ ಅದರ ಬಹುಪಾಲು ಷೇರು ಕೊಂಡಿತು.

ತಲೆ ಅದೇ, ಕ್ಯಾಂಪಸ್ ಅದೇ. ನನ್ನ ಓದು ಇಷ್ಟು: ಸಿಂಪ್ಯೂಟರ್ ಬಳಸಬೇಕಾದವರು ಹಳ್ಳಿಯವರು, ಹಣ ಕೊಡಬೇಕಾದವರು ಸರ್ಕಾರ ಮತ್ತು ಸಂಸ್ಥೆಗಳು. ಇಬ್ಬರ ನಡುವೆ ಟೆಂಡರ್, ಫೈಲು, ವರ್ಗಾವಣೆಯಾಗುವ ಅಧಿಕಾರಿ. ಸ್ಟ್ರ್ಯಾಂಡ್‌ನ ಸಾಫ್ಟ್‌ವೇರನ್ನು ಬಳಸುವವರೂ ಹಣ ಕೊಡುವವರೂ ಒಂದೇ ಸೂರಿನಡಿ ಇದ್ದರು. ಸಿಂಪ್ಯೂಟರ್ ದಂಡವಾಯಿತು ಅಂತ ಕೆಲವರು ಸುಲಭವಾಗಿ ಹೇಳುತ್ತಾರೆ, ನಾನು ಹೇಳುವುದಿಲ್ಲ. ಅದರಲ್ಲಿ ಪಳಗಿದ ಎಂಜಿನಿಯರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಪ್ರಾಧ್ಯಾಪಕಿಯಾಗಿ ನೀವು ಕಂಪನಿ ಕಟ್ಟಲು ಹೊರಟರೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲೇಬೇಕು. ಇನ್ನೂ ಒಂದು: ಸ್ಟ್ರ್ಯಾಂಡ್ 2000ದಿಂದ 2021ರವರೆಗೆ ನಡೆದು ಬಂದ ದಾರಿ 21 ವರ್ಷದ್ದು. ನಿಮ್ಮ ಸಹೋದ್ಯೋಗಿಗಳು ಸ್ಟಾರ್ಟಪ್ ಮಾಡಿ ಅನ್ನುವಾಗ ಇದನ್ನು ಹೇಳಿರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈ ಮೀಟರಿಗೆ ನೀವೇ ಕಂಪನಿ ಕಟ್ಟಬೇಡಿ. ಒಂದೇ ಬೆಳೆ, ಒಂದೇ ಉಪಕರಣ. ಒಂದು ಮೀಟರ್ ಕೊಂಡವರು ಐದಾರು ವರ್ಷ ಮತ್ತೆ ಬರುವುದಿಲ್ಲ. ರಿಪೇರಿಗೆ ಮಾತ್ರ ಫೋನ್ ಮಾಡುತ್ತಾರೆ, ಅದೂ ನೀವು ಕ್ಲಾಸಿನಲ್ಲಿರುವಾಗ. ಆಗಲೇ ಹತ್ತು ಉಪಕರಣ ಮಾರುತ್ತಿರುವ ಕಂಪನಿಗೆ ಇದು ಹನ್ನೊಂದನೆಯದು, ಅದೇ ಡೀಲರ್, ಅದೇ ಸರ್ವಿಸ್ ಹುಡುಗ. ಲೈಸೆನ್ಸ್ ಕೊಡಿ. ನಿಮ್ಮ ವಿದ್ಯಾರ್ಥಿಗೆ ಕಂಪನಿ ಕಟ್ಟುವ ಹುಮ್ಮಸ್ಸಿದ್ದರೆ ಅದು ಬೇರೆ ಮಾತು. ಆಗ ಅವರು ಸಂಸ್ಥಾಪಕರು, ನೀವು ಸಲಹೆಗಾರರು. ಕೇಂದ್ರ ಸರ್ಕಾರದ 2019ರ ಇನೊವೇಷನ್ ಮತ್ತು ಸ್ಟಾರ್ಟಪ್ ನೀತಿಯಲ್ಲಿ ಅಧ್ಯಾಪಕರು ಹೀಗೆ ಸಲಹೆಗಾರರಾಗಿ ಕೆಲಸ ಮಾಡಲು ಅವಕಾಶ ಇದೆ. ಸಂಸ್ಥೆಯು ತಾನು ಕೊಡುವ ಜಾಗ, ಸೌಲಭ್ಯ, ನೆರವಿಗೆ ಬದಲಾಗಿ ಸ್ಟಾರ್ಟಪ್‌ನಲ್ಲಿ ಶೇಕಡಾ 2ರಿಂದ 9.5ರವರೆಗೆ ಷೇರು ಇಟ್ಟುಕೊಳ್ಳಬಹುದು. ನಿಮ್ಮ ಕಾಲೇಜು ಆ ನೀತಿಯನ್ನು ಅಳವಡಿಸಿಕೊಂಡಿದೆಯೇ ವಿಚಾರಿಸಿ.

ಲೈಸೆನ್ಸ್ ಕೊಡುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಒಂದು ಕಾಲೇಜಿನಲ್ಲಿ ತೆಂಗಿನ ನಾರಿನಿಂದ ಮಾಡಿದ ಒಳ್ಳೆಯ ಹಲಗೆಯೊಂದು ತಯಾರಾಗಿತ್ತು. ಕಂಪನಿ ಬಂತು, ಏಕಸ್ವಾಮ್ಯ ಲೈಸೆನ್ಸ್ ಕೇಳಿತು, ಮುಂಗಡವಾಗಿ ಒಳ್ಳೆಯ ಮೊತ್ತವನ್ನೇ ಕೊಟ್ಟಿತು. ಒಪ್ಪಂದದ ಕರಡು ನನ್ನದೇ. ಇಷ್ಟು ದಿನದೊಳಗೆ ತಯಾರಿಸಬೇಕು, ಇಲ್ಲದಿದ್ದರೆ ಹಕ್ಕು ವಾಪಸ್ ಅನ್ನುವ ಒಂದು ಸಾಲು ಹಾಕಲು ನನಗೆ ಹೊಳೆಯಲಿಲ್ಲ. ಅವರಿಗೆ ತಮ್ಮದೇ ಇನ್ನೊಂದು ಹಲಗೆ ಮಾರುವುದು ಹೆಚ್ಚು ಲಾಭ ಅನ್ನಿಸಿತು. ನಮ್ಮದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೇರೆಯವರು ಕೇಳಿಕೊಂಡು ಬಂದಾಗ ಕೊಡುವಂತಿಲ್ಲ, ಇವರು ಮಾಡುವುದಿಲ್ಲ. ಆ ಪ್ರಾಧ್ಯಾಪಕರು ನಿವೃತ್ತರಾಗುವ ದಿನವೂ ಆ ಹಲಗೆಯ ತುಂಡು ಅವರ ಮೇಜಿನ ಮೇಲೆ ಪೇಪರ್‌ವೇಟ್ ಆಗಿ ಕೂತಿತ್ತು.

ಆದ್ದರಿಂದ ಏಕಸ್ವಾಮ್ಯ ಕೇಳಿದರೆ ಅಡಿಕೆಗೆ ಮಾತ್ರ ಕೊಡಿ. ಏಲಕ್ಕಿ, ಕಾಫಿ, ಕೊಬ್ಬರಿಗೆ ಇದೇ ವಿಧಾನ ಹೊಂದಿದರೆ ಆ ಹಕ್ಕು ನಿಮ್ಮಲ್ಲೇ ಉಳಿಯಲಿ. ಮಾರಾಟ ಆಗಲಿ ಬಿಡಲಿ, ವರ್ಷಕ್ಕೆ ಇಂತಿಷ್ಟು ಕನಿಷ್ಠ ರಾಯಲ್ಟಿ ಅಂತ ಹಾಕಿ. ಅದು ನಿಂತರೆ ಏಕಸ್ವಾಮ್ಯವೂ ನಿಲ್ಲಲಿ. ಮುಂಗಡ ಕಡಿಮೆಯಾದರೂ ಪರವಾಗಿಲ್ಲ, ಈ ಸಾಲನ್ನು ಬಿಡಬೇಡಿ. ರಾಯಲ್ಟಿಯ ಲೆಕ್ಕ ಮಾರಾಟದ ಮೊತ್ತದ ಮೇಲೆ ಇರಲಿ. ಲಾಭದ ಮೇಲೆ ಅಂದರೆ ಲಾಭವೇ ಆಗಿಲ್ಲ ಅಂತ ಬ್ಯಾಲೆನ್ಸ್ ಶೀಟ್ ತೋರಿಸುವುದು ಯಾರಿಗೂ ಕಷ್ಟ ಅಲ್ಲ. ಪ್ರಬಂಧ ಪ್ರಕಟಿಸುವ ಹಕ್ಕನ್ನು ಉಳಿಸಿಕೊಳ್ಳಿ. ಪೇಟೆಂಟ್ ಪರಿಶೀಲನೆಗೆ ಎರಡು ಮೂರು ತಿಂಗಳು ತಡೆಯುತ್ತೇವೆ ಅಂದರೆ ಒಪ್ಪಿ, ಬರೆಯಲೇಬಾರದು ಅಂದರೆ ಒಪ್ಪಬೇಡಿ.

ಎಲ್ಲರಿಗೂ ಹಂಚುವ ದಾರಿಯೂ ಇದೆ. ಆಗಲೇ ಹೇಳಿದ ಡಿಎನ್‌ಎ ಪೇಟೆಂಟನ್ನು ಸ್ಟ್ಯಾನ್‌ಫರ್ಡ್ ಯಾರೊಬ್ಬರಿಗೂ ಏಕಸ್ವಾಮ್ಯವಾಗಿ ಕೊಡಲಿಲ್ಲ. ಶುರುವಿನಲ್ಲಿ 10,000 ಡಾಲರ್, ವರ್ಷಕ್ಕೆ 10,000 ಡಾಲರ್, ಮೇಲೆ ಸಣ್ಣ ರಾಯಲ್ಟಿ. ಒಟ್ಟು 468 ಕಂಪನಿಗಳು ಸಾಲು ಹಿಡಿದವು. ಆದರೆ ಅದು ಎಲ್ಲರಿಗೂ ಬೇಕಾದ ಮೂಲ ವಿಧಾನ. ನಿಮ್ಮ ಮೀಟರಿಗೆ ಅಚ್ಚು ಮಾಡಿಸಲು, ಡೀಲರುಗಳಿಗೆ ತರಬೇತಿ ಕೊಡಲು ಕಂಪನಿ ಹಣ ಸುರಿಯಬೇಕು. ನಾಳೆ ಪಕ್ಕದವರಿಗೂ ಕೊಡುತ್ತೇವೆ ಅಂದರೆ ಅವರು ಕೈ ಎತ್ತಬಹುದು. ಅಡಿಕೆಗೆ ಮಾತ್ರ, ಗಡುವಿನ ಜೊತೆ ಏಕಸ್ವಾಮ್ಯ ಅಂತ ನಾನು ಹೇಳಿದ್ದು ಅದಕ್ಕೇ.

ಇನ್ನು ವಿದ್ಯಾರ್ಥಿಯ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಪ್ಲೇಟುಗಳ ನಡುವೆ ಒಂದು ವಸ್ತು ಇಟ್ಟರೆ ಕೆಪಾಸಿಟೆನ್ಸ್ ಎಷ್ಟು ಪಟ್ಟು ಏರುತ್ತದೆ ಅಂತ ಹೇಳುವ ಅಂಕಿ ಡೈಎಲೆಕ್ಟ್ರಿಕ್ ಸ್ಥಿರಾಂಕ. ನೀರಿನದ್ದು 80ರ ಹತ್ತಿರ, ಒಣಗಿದ ಸಸ್ಯ ಪದಾರ್ಥದ್ದು ಬರೀ ಒಂದಂಕಿ. ಈ ಅಂತರವೇ ನಿಮ್ಮ ಮೀಟರಿನ ಜೀವ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಕಪ್ಪಿನೊಳಗೆ ಅಡಿಕೆ ಸಡಿಲವಾಗಿ ಬಿದ್ದರೆ ನಡುವೆ ಗಾಳಿ ಜಾಸ್ತಿ, ರೀಡಿಂಗ್ ಕಡಿಮೆ. ನಿಮ್ಮ ವಿದ್ಯಾರ್ಥಿ ಕಪ್ ತುಂಬಿದ ಮೇಲೆ ಮೇಜಿಗೆ ಎರಡು ಸಲ ತಟ್ಟುತ್ತಿರಬಹುದು. ತಟ್ಟುತ್ತಿದ್ದೇನೆ ಅಂತ ಅವರಿಗೇ ಗೊತ್ತಿರಲಿಕ್ಕಿಲ್ಲ. ಪೇಟೆಂಟಿನಲ್ಲಿ ಇಲ್ಲ, ಪ್ರಬಂಧದಲ್ಲೂ ಇಲ್ಲ. ಕಂಪನಿಯ ಎಂಜಿನಿಯರ್ ತಟ್ಟದೆ ಅಳೆಯುತ್ತಾರೆ, ಬೇರೆ ಅಂಕಿ ಬರುತ್ತದೆ, ನಿಮ್ಮ ಯಂತ್ರ ಸರಿ ಇಲ್ಲ ಅಂತ ಮೇಲ್ ಬರುತ್ತದೆ. ಕಾಲೇಜು ಮತ್ತು ಕಂಪನಿಯ ಸಂಬಂಧ ಮುರಿಯುವುದು ಹೆಚ್ಚಾಗಿ ಇಂಥ ಎರಡು ತಟ್ಟಿನ ಜಾಗದಲ್ಲಿ. ಕಂಪನಿಯವರು ಆ ವಿದ್ಯಾರ್ಥಿಯನ್ನು ಆರು ತಿಂಗಳಾದರೂ ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಒಪ್ಪಂದದಲ್ಲೇ ಬರೆಸಿ.

ಅಮೆರಿಕದ ಎಂಐಟಿಯಲ್ಲಿ ದೇಶಪಾಂಡೆ ಕೇಂದ್ರ ಅಂತ ಇದೆ. ಹುಬ್ಬಳ್ಳಿ ಕಡೆಯ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದೇಶಪಾಂಡೆ ದೊಡ್ಡ ದೇಣಿಗೆ ಕೊಟ್ಟು 2002ರಲ್ಲಿ ಕಟ್ಟಿದ್ದು. ಅದಕ್ಕೂ ಮೊದಲು ದೇಶಪಾಂಡೆಯವರು ಎಂಐಟಿಯ ಲಿಂಕನ್ ಲ್ಯಾಬಿನಲ್ಲಿ ಬೆಳೆದ ಆಪ್ಟಿಕಲ್ ನೆಟ್‌ವರ್ಕ್ ಸಂಶೋಧನೆಯನ್ನು ಹಿಡಿದು ಸಿಕಮೋರ್ ಕಂಪನಿ ಕಟ್ಟಿದವರು. ಲ್ಯಾಬಿನಿಂದ ಅಂಗಡಿಗೆ ಬರುವ ದಾರಿಯಲ್ಲಿ ಎಲ್ಲಿ ಗುಂಡಿ ಇದೆ ಅಂತ ಅವರಿಗೆ ಗೊತ್ತಿತ್ತು. ಆ ಕೇಂದ್ರ ಪ್ರಾಧ್ಯಾಪಕರಿಗೆ ಅನುದಾನ ಕೊಟ್ಟು ಸುಮ್ಮನಾಗುವುದಿಲ್ಲ. ಉದ್ಯಮದಲ್ಲಿ ಪಳಗಿದ ಸ್ವಯಂಸೇವಕರೊಬ್ಬರನ್ನು ಜೊತೆಗೆ ಕೂರಿಸುತ್ತದೆ. ಇದನ್ನು ಯಾರು ಕೊಳ್ಳುತ್ತಾರೆ ಅಂತ ಮತ್ತೆ ಮತ್ತೆ ಕೇಳುವುದೇ ಅವರ ಕೆಲಸ. ನಿಮಗೂ ಅಂಥ ಒಬ್ಬರು ಬೇಕು. ದೊಡ್ಡ ಹೆಸರಿನವರೇ ಆಗಬೇಕಿಲ್ಲ. ಕೃಷಿ ಉಪಕರಣಗಳ ಡೀಲರ್ ಆಗಿದ್ದು ಈಗ ಮಗನಿಗೆ ಅಂಗಡಿ ಬಿಟ್ಟುಕೊಟ್ಟ ಯಜಮಾನರು ನಿಮ್ಮ ಊರಿನಲ್ಲೇ ಸಿಗುತ್ತಾರೆ. ಒಂದು ಕಾಫಿಗೆ ಕರೆಯಿರಿ.

ಈಗ ಕಂಪನಿಗೆ ಏನು ಬರೆಯಬೇಕು? ಹೀಗೆ ಬರೆಯಿರಿ: ಎಂಒಯು ಮಾಡಿಕೊಳ್ಳಲು ಸಂತೋಷ, ಅದಕ್ಕೂ ಮೊದಲು ಈ ಕೊಯ್ಲಿನಲ್ಲಿ ಒಂದು ಪರೀಕ್ಷೆ ಮಾಡೋಣ. ನೀವು ಹತ್ತು ಮೀಟರ್‌ಗೆ ಹಣ ಕೊಟ್ಟು ಆರ್ಡರ್ ಕೊಡಿ. ನಾವು ಮಾಡಿಕೊಡುತ್ತೇವೆ. ಐದು ಮೀಟರ್ ಒಂದು ಸಹಕಾರ ಸಂಘದಲ್ಲಿ, ಐದು ಮೀಟರ್ ಒಂದು ಗೋದಾಮಿನಲ್ಲಿ. ಪ್ರತಿ ಮಾದರಿಯನ್ನೂ ಮೀಟರಿನಲ್ಲಿ ಅಳೆದ ಮೇಲೆ, ಕತ್ತರಿಸಿ ಓವನ್‌ನಲ್ಲಿ 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತಾಳೆ ನೋಡೋಣ. ಬೇಯಿಸಿದ ಕೆಂಪಡಿಕೆಗೂ ಬೇಯಿಸದೆ ಒಣಗಿಸಿದ ಚಾಲಿಗೂ ಬೇರೆ ಬೇರೆ ಪಟ್ಟಿ. ಅಡಿಕೆ ಬೇಯಿಸಿದ ನೀರಿನಿಂದ ಬರುವ, ಬಣ್ಣಕ್ಕಾಗಿ ಮೇಲೆ ಬಳಿಯುವ ಚೊಗರು ರೀಡಿಂಗ್ ಕೆಡಿಸುತ್ತದೆಯೇ ಅದನ್ನೂ ನೋಡೋಣ. ವ್ಯಾಪಾರಕ್ಕೆ ಬಳಸುವ ಅಳತೆ ಸಾಧನ ಆದ್ದರಿಂದ ಕಾನೂನು ಮಾಪನ ಇಲಾಖೆಯಲ್ಲಿ ಏನು ಅನುಮತಿ ಬೇಕು ಅಂತ ನೀವು ವಿಚಾರಿಸಿ. ಗೋಪ್ಯತೆಯ ಒಪ್ಪಂದಕ್ಕೆ ಮೊದಲು ಸಹಿ ಆಗಲಿ.

ಹತ್ತು ಮೀಟರಿನ ದುಡ್ಡು ಕಂಪನಿಗೆ ಏನೇನೂ ಅಲ್ಲ. ಆದರೆ ಅದು ಅವರ ಪರ್ಚೇಸ್ ವಿಭಾಗ ದಾಟಿ ಬರಬೇಕು, ಯಾರೋ ಒಬ್ಬರು ಮ್ಯಾನೇಜರ್ ಇದು ಬೇಕು ಅಂತ ಬರೆದು ಸಹಿ ಹಾಕಬೇಕು. ಆ ಮ್ಯಾನೇಜರ್ ಯಾರು ಅಂತ ನಿಮಗೆ ಗೊತ್ತಾಗುತ್ತದೆ. ಮುಂದಿನ ಎರಡು ವರ್ಷ ನೀವು ಮಾತಾಡಬೇಕಾದದ್ದು ಅವರ ಜೊತೆ, ಶಾಲು ಹೊದಿಸಿಕೊಳ್ಳಲು ಬರುವ ನಿರ್ದೇಶಕರ ಜೊತೆ ಅಲ್ಲ.

ಆರ್ಡರ್ ಬಂದರೆ ಮತ್ತೆ ಬರೆಯಿರಿ, ಲೈಸೆನ್ಸಿನ ಕರಡನ್ನು ಸಾಲು ಸಾಲಾಗಿ ನೋಡೋಣ. ಬರದಿದ್ದರೂ ಬರೆಯಿರಿ. ಆಗ ಸಹಕಾರ ಸಂಘದ ಬಾಗಿಲು ತಟ್ಟುವುದು ಹೇಗೆ ಅಂತ ಮಾತಾಡಬೇಕಾಗುತ್ತದೆ. ವಿದ್ಯಾರ್ಥಿಗೆ ಫೋನ್ ಮಾತ್ರ ಇವತ್ತೇ ಮಾಡಿ.